ಸೊಂಟ ನೋವು: ದಿನನಿತ್ಯದ ಯಾವ ಅಭ್ಯಾಸದ ಪಾಲು ಎಷ್ಟು?

ಕಟಿಬಲ ಬರೆದದ್ದು:
ಸೊಂಟ ನೋವು ಅಂದ ಕೂಡಲೇ ಮೂರು ಬುದ್ಧಿಮಾತು ಸಿಗುತ್ತವೆ: ನೆಟ್ಟಗೆ ಕೂತ್ಕೊಳ್ಳಿ, ಭಾರ ಎತ್ತಬೇಡಿ, ಗಟ್ಟಿ ಹಾಸಿಗೆ ಮೇಲೆ ಮಲಗಿ. ಮೂರರಲ್ಲಿ ಒಂದೂ ಪೂರ್ತಿ ಸರಿಯಲ್ಲ. ಯಾವ ಅಭ್ಯಾಸಕ್ಕೂ ನೋವಿಗೂ ನಿಜಕ್ಕೂ ನಂಟಿದೆ, ಎಲ್ಲಿ ನಂಟು ತೆಳು, ನಂಟಿರುವ ಕಡೆ ಏನು ಬದಲಿಸಬೇಕು ಅನ್ನೋದನ್ನು ಇಲ್ಲಿ ಒಟ್ಟುಗೂಡಿಸೋಣ. ಅಳತೆ, ಸಮಯ, ಕಾರಣ ಸಮೇತ ಬರೆಯಿರಿ ಎಂದು ಕೋರಿಕೆ.

ಮೊದಲು ಎಲ್ಲೆ ಹಾಕಿಕೊಳ್ಳೋಣ. ಕೊನೆಯ ಪಕ್ಕೆಲುಬಿನಿಂದ ಕುಂಡೆಯ ಕೆಳಗಿನ ಮಡಿಕೆವರೆಗಿನ ನೋವು ನಮ್ಮ ವಿಷಯ. ಅದರಲ್ಲಿ ಸುಮಾರು ಶೇ. 90ರಷ್ಟು ಪ್ರಕರಣಗಳಲ್ಲಿ ಮೂಳೆ ಮುರಿತ, ಸೋಂಕು, ಗೆಡ್ಡೆಯಂಥ ಒಂದು ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜಿನಂತೆ 2020ರಲ್ಲಿ 61.9 ಕೋಟಿ ಜನರಿಗೆ ಸೊಂಟ ನೋವಿತ್ತು, 2050ರ ಹೊತ್ತಿಗೆ ಅದು 84.3 ಕೋಟಿಗೆ ಏರಬಹುದು. ಈ ನೋವಿನಿಂದಾಗುವ ಅಂಗವೈಕಲ್ಯದ ಹೊರೆಯಲ್ಲಿ ಹತ್ತಿರಹತ್ತಿರ ಶೇ. 39ರಷ್ಟನ್ನು ಅದೇ ಅಧ್ಯಯನ ಮೂರು ಸಂಗತಿಗಳ ಲೆಕ್ಕಕ್ಕೆ ಹಾಕಿದೆ: ಕೆಲಸದಲ್ಲಿ ಮೈಮೇಲೆ ಬೀಳುವ ಹೊರೆ, ಧೂಮಪಾನ, ಅಧಿಕ ತೂಕ. ಮೂರೂ ನಾವು ಬದಲಿಸಬಹುದಾದವು.

ನನ್ನ ನಿಲುವು ಇಷ್ಟು. ಬೆನ್ನಿನ ಮೇಲೆ ಬೀಳುವ ಹೊರೆ ಒಂದು ಕಡೆ, ಅದನ್ನು ತಾಳುವ ಶಕ್ತಿ ಇನ್ನೊಂದು ಕಡೆ. ಎಲ್ಲರ ಕಣ್ಣೂ ಹೊರೆಯ ಮೇಲೇ ಇರುತ್ತದೆ. ನಿದ್ದೆಗೇಡು, ಸಿಗರೇಟು, ನಡೆಯದಿರುವುದು ಇವೆಲ್ಲ ತಾಳುವ ಶಕ್ತಿಯನ್ನೇ ಕೆಳಗಿಳಿಸುತ್ತವೆ. ಹಾಗಾಗಿ ನಿನ್ನೆ ಸಲೀಸಾಗಿ ಎತ್ತಿದ ಅದೇ ಚೀಲ ಇವತ್ತು ಸೊಂಟ ಹಿಡಿಸಬಹುದು.

ಅಳತೆಗೋಲು ಬರೆದದ್ದು:
ಎತ್ತುವ ವಿಷಯದಲ್ಲಿ "ಮೊಣಕಾಲು ಮಡಚಿ ಎತ್ತಿ" ಅನ್ನೋದಕ್ಕಿಂತ ಉಪಯುಕ್ತವಾದ ಒಂದು ಲೆಕ್ಕವಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ (ನಿಯಾಶ್) ಎತ್ತುವ ಸೂತ್ರ. ಅದು 23 ಕೆಜಿಯಿಂದ ಶುರುವಾಗುತ್ತದೆ. ವಸ್ತು ದೇಹಕ್ಕೆ ಅಂಟಿದಂತಿದೆ, ಸೊಂಟದ ಆಸುಪಾಸಿನ ಎತ್ತರದಲ್ಲಿದೆ, ಮೈ ತಿರುಚಬೇಕಿಲ್ಲ, ಹಿಡಿತ ಚೆನ್ನಾಗಿದೆ, ಆಗೊಮ್ಮೆ ಈಗೊಮ್ಮೆ ಮಾತ್ರ ಎತ್ತುವುದು, ಹೀಗೆ ಎಲ್ಲ ಅನುಕೂಲವೂ ಇದ್ದಾಗಿನ ಮಿತಿ ಅದು. ಒಂದೊಂದು ಅನುಕೂಲ ತಪ್ಪಿದಂತೆ ಮಿತಿ ಇಳಿಯುತ್ತದೆ.

ದೂರ: ಕಾಲಿನ ಎರಡು ಹರಡುಗಳ (ಪಾದದ ಕೀಲುಗಳ) ನಡುವಿನ ಬಿಂದುವಿನಿಂದ ಎರಡು ಕೈಗಳ ನಡುವಿನ ಬಿಂದುವಿಗೆ ಅಡ್ಡಕ್ಕೆ ಅಳೆಯಿರಿ. 25 ಸೆಂ.ಮೀ. ಇದ್ದರೆ ಪೂರ್ತಿ 23 ಕೆಜಿ. 50 ಸೆಂ.ಮೀ. ಆದರೆ ನೇರ ಅರ್ಧ, 11.5 ಕೆಜಿ.

ಎತ್ತರ: ಅತ್ಯುತ್ತಮ ಎತ್ತರ ನೆಲದಿಂದ 75 ಸೆಂ.ಮೀ. ನೆಲದ ಮೇಲಿಂದಲೇ ಎತ್ತುವುದಾದರೆ 0.775ರಿಂದ ಗುಣಿಸಬೇಕು. ಉಳಿದದ್ದು ಸುಮಾರು 8.9 ಕೆಜಿ.

ತಿರುಚು: 45 ಡಿಗ್ರಿ ಪಕ್ಕಕ್ಕೆ ತಿರುಗಿ ಎತ್ತಿದರೆ 0.856. ಈಗ 7.6 ಕೆಜಿ.

ನೆಲದಿಂದ 75 ಸೆಂ.ಮೀ. ಮೇಜಿನವರೆಗೆ ಏರಿಸುವ ಅಂತರಕ್ಕೆ ಇನ್ನೊಂದು 0.88. ಕೊನೆಗೆ ಉಳಿಯುವುದು 6.7 ಕೆಜಿ. ಅದೇ ಮನುಷ್ಯ, ಅದೇ ಬೆನ್ನು. 23 ಇದ್ದದ್ದು ಏಳಕ್ಕಿಂತ ಕೆಳಗೆ ಬಂತು. ಗಂಟೆಗೆ ಹತ್ತಾರು ಸಲ ಎತ್ತುವುದಾದರೆ ಇನ್ನೂ ಕಡಿಮೆ.

ಇಲ್ಲಿ ದೊಡ್ಡ ಹೊಡೆತ ಕೊಡುವುದು ದೂರ. ಮೊಣಕಾಲು ಮಡಚಿ ಕೂತರೂ ಪೆಟ್ಟಿಗೆ ಮೊಣಕಾಲುಗಳ ಮುಂದೆ ಉಳಿದರೆ ಕೈ ಚಾಚಲೇಬೇಕು, ಮಡಚಿದ ಪ್ರಯೋಜನ ಅಲ್ಲೇ ಕರಗಿತು. ಒಂದು ಪಾದ ಪೆಟ್ಟಿಗೆಯ ಪಕ್ಕಕ್ಕೆ, ಇನ್ನೊಂದು ಅದರ ಹಿಂದೆ ಇಟ್ಟು, ಪೆಟ್ಟಿಗೆಯನ್ನು ಮೊದಲು ಮೈಗೆ ಎಳೆದುಕೊಂಡು ಆಮೇಲೆ ಏಳಿ. ತಿರುಗಬೇಕಾದರೆ ಪಾದಗಳನ್ನೇ ತಿರುಗಿಸಿ. ಭಾರದ ವಸ್ತುಗಳನ್ನು ಮೊಣಕಾಲಿಗೂ ಎದೆಗೂ ನಡುವಿನ ಎತ್ತರದ ಕಪಾಟಿನ ಹಲಗೆಯಲ್ಲಿ ಇಟ್ಟರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ನೆಲಮಟ್ಟ ಬರೆದದ್ದು:
@ಅಳತೆಗೋಲು ಅವರ ಲೆಕ್ಕಕ್ಕೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಒಳಗಿನ ಒತ್ತಡದ ಅಳತೆಯೂ ಜೊತೆ ಕೊಡುತ್ತದೆ. 1999ರಲ್ಲಿ ವಿಲ್ಕೆ ಮತ್ತು ಸಂಗಡಿಗರು ಸೊಂಟದ ಡಿಸ್ಕ್ ಒಂದರೊಳಗೆ ಸಂವೇದಕ ಇಟ್ಟು ದಿನದ ಚಟುವಟಿಕೆಗಳಲ್ಲಿ ಒತ್ತಡ ಅಳೆದರು. ಮಲಗಿದಾಗ 0.1 ಮೆಗಾಪ್ಯಾಸ್ಕಲ್, ನಿಂತಾಗ 0.5, ಒರಗದೆ ಸುಮ್ಮನೆ ಕೂತಾಗ 0.46. 20 ಕೆಜಿಯನ್ನು ಬೆನ್ನು ಬಾಗಿಸಿ ಎತ್ತಿದಾಗ 2.3, ಮೊಣಕಾಲು ಮಡಚಿ ಎತ್ತಿದಾಗ 1.7, ಮೈಗೆ ಒತ್ತಿ ಹಿಡಿದಾಗ 1.1. ಅಳೆದದ್ದು ಒಬ್ಬನೇ ವ್ಯಕ್ತಿಯಲ್ಲಿ, ಆದ್ದರಿಂದ ಈ ಅಂಕಿಗಳನ್ನು ಎಲ್ಲರಿಗೂ ಹಾಗೇ ಅನ್ವಯಿಸಬಾರದು. ಆದರೂ ಕೂತಾಗ ನಿಂತದ್ದಕ್ಕಿಂತ ಒತ್ತಡ ಬಹಳ ಹೆಚ್ಚು ಎಂಬ 1960ರ ದಶಕದಿಂದ ಬಂದ ಮಾತನ್ನು ಈ ಅಳತೆ ಅಲುಗಾಡಿಸಿತು.

ತೆರೆದಕಿಟಕಿ ಬರೆದದ್ದು:
ಹಾಗಾದರೆ ದಿನಕ್ಕೆ ಎಂಟು ಗಂಟೆ ಕೂತರೂ ಪರವಾಗಿಲ್ಲ ಅಂತಲೇ? ಕಚೇರಿ ಕೆಲಸದವರಿಗೆ ಸೊಂಟ ನೋವು ಇಷ್ಟೊಂದು ಇದೆಯಲ್ಲ?

ನೆಲಮಟ್ಟ ಬರೆದದ್ದು:
ಪರವಾಗಿಲ್ಲ ಅಂತಲ್ಲ. ಕೂರುವುದೊಂದೇ ಸೊಂಟ ನೋವನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಆಧಾರ ತೆಳು. ಕೂರುವುದರ ಜೊತೆ ವಾಹನದ ಕಂಪನ, ಬಾಗಿದ ಭಂಗಿ, ಇಡೀ ದಿನದ ಚಲನೆಯ ಕೊರತೆ ಸೇರಿದಾಗ ನಂಟು ಬಲವಾಗುತ್ತದೆ.

ಏನು ಕೆಡುತ್ತದೆ ಎಂದರೆ ಇದು. ಬೆನ್ನು ಗುಂಡಗೆ ಬಾಗಿದ ಸ್ಥಿತಿಯಲ್ಲೇ ಬಹಳ ಹೊತ್ತು ಉಳಿದರೆ ಹಿಂಬದಿಯ ಕಟ್ಟುನರಗಳು (ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್‌ಗಳು) ನಿಧಾನಕ್ಕೆ ಹಿಗ್ಗುತ್ತವೆ, ಕೀಲುಗಳ ಬಿಗಿ ತಾತ್ಕಾಲಿಕವಾಗಿ ಸಡಿಲುತ್ತದೆ. 20 ನಿಮಿಷ ಪೂರ್ತಿ ಬಾಗಿ ಕೂರಿಸಿ ಅಳೆದ ಪ್ರಯೋಗದಲ್ಲಿ, ಎದ್ದ 2 ನಿಮಿಷಕ್ಕೆ ಅರ್ಧದಷ್ಟು ಬಿಗಿ ಮರಳಿತು. ಅರ್ಧ ಗಂಟೆ ಕಳೆದರೂ ಒಂದಿಷ್ಟು ಸಡಿಲ ಉಳಿದಿತ್ತು. ಅಪಾಯ ಇರುವುದು ಆ ಸಡಿಲದ ಹೊತ್ತಿನಲ್ಲಿ: ಎರಡು ಗಂಟೆ ಕುಸಿದು ಕೂತು, ಎದ್ದ ಕೂಡಲೇ ನೆಲದ ಮೇಲಿನ ನೀರಿನ ಕ್ಯಾನು ಎತ್ತುವುದು. ಎದ್ದಮೇಲೆ ಎರಡು ಮೂರು ನಿಮಿಷ ಓಡಾಡಿ, ಕೈ ಮೇಲೆತ್ತಿ ಮೈ ಮುರಿದು, ಆಮೇಲೆ ಭಾರಕ್ಕೆ ಕೈ ಹಾಕಿ.

ಕುರ್ಚಿಗೆ ನಾನು ಕೊಡುವ ಹೊಂದಾಣಿಕೆ: ಪಾದ ನೆಲಕ್ಕೆ ಪೂರ್ತಿ ತಾಗಲಿ. ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ಎರಡು ಮೂರು ಬೆರಳಿನ ಸಂದು ಇರಲಿ. ಬೆನ್ನೊರಗು 100ರಿಂದ 110 ಡಿಗ್ರಿ, ಅಂದರೆ ಸ್ವಲ್ಪ ಹಿಂದಕ್ಕೆ. 90 ಡಿಗ್ರಿಯ ಸೆಟೆದ ಕೂರಿಕೆಯಲ್ಲಿ ಬೆನ್ನಿನ ಸ್ನಾಯುಗಳಿಗೆ ಬಿಡುವೇ ಇರುವುದಿಲ್ಲ, ಒರಗಿದರೆ ದೇಹದ ಮೇಲ್ಭಾಗದ ತೂಕವನ್ನು ಒರಗು ಹಂಚಿಕೊಳ್ಳುತ್ತದೆ. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು. ಮೇಜು ಎತ್ತರವಾಯಿತೆಂದು ಕುರ್ಚಿ ಏರಿಸಿ ಪಾದ ತೇಲಾಡುವಂತೆ ಬಿಡುವುದು ಸಾಮಾನ್ಯ ತಪ್ಪು. ಆಗ ಮೈ ಮುಂದಕ್ಕೆ ಜಾರಿ ಒರಗು ವ್ಯರ್ಥವಾಗುತ್ತದೆ, ಪಾದದ ಕೆಳಗೊಂದು ಮಣೆ ಬೇಕು.

ಇಷ್ಟೆಲ್ಲ ಹೊಂದಿಸಿದ ಮೇಲೂ 30 ನಿಮಿಷಕ್ಕೊಮ್ಮೆ ಭಂಗಿ ಬದಲಿಸಿ. ಒಳ್ಳೆಯ ಭಂಗಿಯಲ್ಲಿ ಮೂರು ಗಂಟೆ ಅಲುಗಾಡದೆ ಕೂರುವುದಕ್ಕಿಂತ ಹತ್ತು ಬಗೆಯ ಸಾಧಾರಣ ಭಂಗಿಗಳಲ್ಲಿ ಅಲ್ಲಾಡುತ್ತ ಕೂರುವುದೇ ಮೇಲು.

ಕಟಿಬಲ ಬರೆದದ್ದು:
ಒಂದು ಸೇರ್ಪಡೆ. ಕೂರುವುದು ಕೆಟ್ಟದ್ದು ಎಂದು ದಿನವಿಡೀ ನಿಂತು ಕೆಲಸ ಮಾಡಲು ಹೊರಟವರಿಗೂ ಸೊಂಟ ಹಿಡಿಯುತ್ತದೆ. ನಿಂತಲ್ಲೇ ನಿಲ್ಲುವುದೂ ಒಂದೇ ಭಂಗಿಯೇ. ನಿಲ್ಲುವುದಾದರೆ 10ರಿಂದ 15 ಸೆಂ.ಮೀ. ಎತ್ತರದ ಮಣೆಯ ಮೇಲೆ ಒಂದೊಂದೇ ಕಾಲು ಸರದಿಯಲ್ಲಿ ಇಡಿ, ಹೊಸದಾಗಿ ಶುರುಮಾಡುವವರು ಒಂದು ಸಲಕ್ಕೆ 10ರಿಂದ 15 ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ.

ಮುಂಜಾವು ಬರೆದದ್ದು:
ಗಂಟೆಯ ಲೆಕ್ಕವೂ ಮುಖ್ಯ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬುತ್ತದೆ. ಮೇಲೆ ಹೇಳಿದ ವಿಲ್ಕೆ ಅವರ ಅಳತೆಯಲ್ಲಿ 7 ಗಂಟೆಯ ನಿದ್ದೆಯಲ್ಲಿ ಒತ್ತಡ 0.1ರಿಂದ 0.24ಕ್ಕೆ ಏರಿತ್ತು. ನಾವು ಬೆಳಗ್ಗೆ ರಾತ್ರಿಗಿಂತ ಸುಮಾರು ಶೇ. 1ರಷ್ಟು ಎತ್ತರ ಇರುವುದು ಇದರಿಂದಲೇ. ದಿನದಲ್ಲಿ ಕಳೆದುಕೊಳ್ಳುವ ಎತ್ತರದಲ್ಲಿ ಅರ್ಧಕ್ಕೂ ಹೆಚ್ಚು ಎದ್ದ ಮೊದಲ ಗಂಟೆಯಲ್ಲೇ ಇಳಿಯುತ್ತದೆ. ಉಬ್ಬಿದ ಡಿಸ್ಕನ್ನು ಬಾಗಿಸಲು ಹೆಚ್ಚು ಬಲ ಬೇಕು, ಆ ಬಲವೆಲ್ಲ ಡಿಸ್ಕಿನ ಹೊರ ಉಂಗುರದ ಮೇಲೆ ಬೀಳುತ್ತದೆ.

1998ರಲ್ಲಿ ಸ್ನೂಕ್ ಮತ್ತು ಸಂಗಡಿಗರು ದೀರ್ಘಕಾಲದ ಸೊಂಟ ನೋವಿನವರಿಗೆ ಬೆಳಗಿನ ಹೊತ್ತು ಮುಂದಕ್ಕೆ ಬಾಗದಿರುವುದನ್ನು ಕಲಿಸಿ ನೋಡಿದರು, ನೋವಿನ ತೀವ್ರತೆ ಇಳಿಯಿತು. ಸಿಡ್ನಿಯಲ್ಲಿ 999 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಸೊಂಟ ದಿಢೀರನೆ ಹಿಡಿಯುವ ಸಾಧ್ಯತೆ ಬೆಳಗ್ಗೆ 7ರಿಂದ ಮಧ್ಯಾಹ್ನ 12ರ ನಡುವೆ ಹೆಚ್ಚು ಕಂಡಿತ್ತು. ಅದೇ ಅಧ್ಯಯನದಲ್ಲಿ, ಅಡ್ಡಾದಿಡ್ಡಿ ಭಂಗಿಯಲ್ಲಿ ಕೈಕೆಲಸ ಮಾಡಿದ ಹೊತ್ತಿನಲ್ಲಿ ಸಂಭವ 8 ಪಟ್ಟು, ದಣಿದಿದ್ದಾಗ 3.7 ಪಟ್ಟು, ಕೆಲಸದ ನಡುವೆ ಗಮನ ಬೇರೆಡೆ ಹೋದಾಗ 25 ಪಟ್ಟು. ಕೊನೆಯ ಅಂಕಿಯ ಅನಿಶ್ಚಿತತೆಯ ವ್ಯಾಪ್ತಿ ತುಂಬ ಅಗಲ, 25 ಎಂದು ಕಂಠಪಾಠ ಮಾಡಬೇಡಿ, ದಿಕ್ಕನ್ನು ಮಾತ್ರ ತೆಗೆದುಕೊಳ್ಳಿ. ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಇನ್ನೊಂದು ಕೈಯಲ್ಲಿ ಬಕೆಟ್ ಎತ್ತುವುದನ್ನು ಬಿಟ್ಟರೆ ಸಾಕು.

ಆಚರಣೆಗೆ: ಹಾಸಿಗೆಯಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸುತ್ತಲೇ ಕೈಯಿಂದ ಒತ್ತಿ ಏಳಿ. ಮುಖ ತೊಳೆಯುವಾಗ ಒಂದು ಕೈ ಬೇಸಿನ್ನಿಗೆ ಊರಿ. ಕಾಲುಚೀಲವನ್ನು ಕೂತು, ಕಾಲನ್ನು ಇನ್ನೊಂದು ತೊಡೆಯ ಮೇಲೆ ತಂದು ಹಾಕಿ. ಬೆರಳಿನಿಂದ ಪಾದ ಮುಟ್ಟುವ ಚಾಚುವಿಕೆ, ಸಿಟ್‌ಅಪ್ ಇವನ್ನು ಎದ್ದ ಮೊದಲ ಒಂದು ಗಂಟೆಯಲ್ಲಿ ಬೇಡ. ನೋವು ಇಲ್ಲದವರು ಇಷ್ಟು ಕಟ್ಟುನಿಟ್ಟಾಗಿ ಇರಬೇಕಿಲ್ಲ. ಪದೇಪದೇ ಸೊಂಟ ಹಿಡಿಯುವವರಿಗೆ ಇದು ಖರ್ಚಿಲ್ಲದ ಮೊದಲ ಹೆಜ್ಜೆ.

ಉಸಿರಾಟ ಬರೆದದ್ದು:
ಧೂಮಪಾನದ ಬಗ್ಗೆ ಯಾರೂ ವಿವರವಾಗಿ ಬರೆಯಲಿಲ್ಲ. ಜನರಿಗೆ ಶ್ವಾಸಕೋಶ ನೆನಪಾಗುತ್ತದೆ, ಸೊಂಟ ನೆನಪಾಗುವುದಿಲ್ಲ. ಡಿಸ್ಕ್ ಒಳಗೆ ರಕ್ತನಾಳಗಳಿಲ್ಲ. ಮೇಲೂ ಕೆಳಗೂ ಇರುವ ಕಶೇರುಕದ (ಬೆನ್ನುಮೂಳೆಯ ಬಿಡಿ ಮೂಳೆ) ತೆಳು ತಟ್ಟೆಗಳ ಮೂಲಕ ಪೋಷಕಾಂಶ ಇಂಗಿ ಒಳಗೆ ಬರಬೇಕು. ನಿಕೋಟಿನ್ ಆ ತಟ್ಟೆಗಳ ಬಳಿಯ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕಾರ್ಬನ್ ಮೊನಾಕ್ಸೈಡ್ ರಕ್ತದ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಮೊದಲೇ ಕಷ್ಟದಲ್ಲಿ ಬದುಕುವ ಜೀವಕೋಶಗಳಿಗೆ ಇದು ಇನ್ನೊಂದು ಪೆಟ್ಟು. ಸೇದುವವರಲ್ಲಿ ಸೊಂಟ ನೋವು ಹೆಚ್ಚು, ಬಿಟ್ಟವರಲ್ಲಿ ಅದಕ್ಕಿಂತ ಕಡಿಮೆ, ಎಂದೂ ಸೇದದವರಲ್ಲಿ ಇನ್ನೂ ಕಡಿಮೆ. ಹರೆಯದವರಲ್ಲಿ ಈ ನಂಟು ವಯಸ್ಕರಿಗಿಂತ ಬಲವಾಗಿ ಕಾಣುತ್ತದೆ.

ನಿದ್ದೆಗೂ ನೋವಿಗೂ ಇರುವ ಹಾದಿ ಎರಡೂ ಕಡೆಗೆ ಹೋಗುತ್ತದೆ. ನೋವು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮರುದಿನ ನೋವಿನ ಹೊಸ್ತಿಲನ್ನೇ ತಗ್ಗಿಸುತ್ತದೆ. ಅದಕ್ಕೆ ನಿದ್ದೆಯನ್ನು ಚಿಕಿತ್ಸೆಯ ಭಾಗವೆಂದೇ ಹಿಡಿಯಬೇಕು. ಏಳುವ ಸಮಯ ಒಂದೇ ಇರಲಿ, ಪಕ್ಕಕ್ಕೆ ಮಲಗುವವರು ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ, ಅಂಗಾತ ಮಲಗುವವರು ಮೊಣಕಾಲಿನ ಕೆಳಗೆ.

ತೂಕದ ಬಗ್ಗೆ ಎಚ್ಚರದಿಂದ ಮಾತಾಡೋಣ. ದೇಹತೂಕ ಸೂಚ್ಯಂಕ (ಬಿಎಂಐ) 30 ದಾಟಿದವರಲ್ಲಿ ಸೊಂಟ ನೋವು ಹೆಚ್ಚು ಎಂಬುದು ನಿಜ. ಅದು ಭಾರದಿಂದ ಮಾತ್ರವಲ್ಲ, ಕೊಬ್ಬಿನ ಅಂಗಾಂಶ ಉರಿಯೂತದ ರಾಸಾಯನಿಕಗಳನ್ನೂ ಸ್ರವಿಸುತ್ತದೆ. ಆದರೆ "ಮೊದಲು ತೂಕ ಇಳಿಸಿ, ಆಮೇಲೆ ಬನ್ನಿ" ಎಂದು ನೋವಿರುವವರನ್ನು ವಾಪಸ್ ಕಳಿಸುವುದು ತಪ್ಪು. ಒಂದು ಕಿಲೋ ಇಳಿಯುವ ಮೊದಲೇ ನಡಿಗೆ, ವ್ಯಾಯಾಮಗಳಿಂದ ನೋವು ಇಳಿಯಬಲ್ಲದು.

ನಿಧಾನನಡೆ ಬರೆದದ್ದು:
ನಡಿಗೆಗೆ ಈಗ ಒಳ್ಳೆಯ ಪುರಾವೆಯಿದೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಪ್ರಯೋಗ. ಆಗಷ್ಟೇ ಸೊಂಟ ನೋವಿನಿಂದ ಚೇತರಿಸಿಕೊಂಡಿದ್ದ 701 ವಯಸ್ಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ನಡಿಗೆ ಮತ್ತು ತಿಳಿವಳಿಕೆ, ಇನ್ನೊಂದಕ್ಕೆ ಏನೂ ಇಲ್ಲ. ದಿನದ ಕೆಲಸಕ್ಕೆ ಅಡ್ಡಿಪಡಿಸುವಷ್ಟು ನೋವು ಮರುಕಳಿಸಲು ನಡೆದವರಲ್ಲಿ ಮಧ್ಯಾಂಕ (ಅರ್ಧದಷ್ಟು ಜನರಿಗೆ ನೋವು ಮರಳುವ ಹೊತ್ತು) 208 ದಿನ, ನಡೆಯದವರಲ್ಲಿ 112 ದಿನ. ಆರು ತಿಂಗಳಲ್ಲಿ ವಾರಕ್ಕೆ 5 ದಿನ, ದಿನಕ್ಕೆ 30 ನಿಮಿಷಕ್ಕೆ ತಲುಪುವುದು ಗುರಿಯಾಗಿತ್ತು.

ಆರು ತಿಂಗಳು ಎಂಬುದನ್ನು ಗಮನಿಸಿ. ಜನ ಮೊದಲ ದಿನವೇ 45 ನಿಮಿಷ ನಡೆದು, ಮೂರನೇ ದಿನ ನೋವು ಹೆಚ್ಚಿತೆಂದು ಬಿಟ್ಟುಬಿಡುತ್ತಾರೆ. 10 ನಿಮಿಷದಿಂದ, ವಾರಕ್ಕೆ ಮೂರು ದಿನದಿಂದ ಶುರುಮಾಡಿ. ವಾರಕ್ಕೆ ಐದು ನಿಮಿಷದಂತೆ ಏರಿಸಿ. ನಡೆಯುವಾಗ ಸ್ವಲ್ಪ ನೋವು ಬಂದರೆ ನಿಲ್ಲಿಸಬೇಕಿಲ್ಲ. ಮರುದಿನ ಬೆಳಗ್ಗೆಗೆ ನೋವು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಅಷ್ಟೇ ಮುಂದುವರಿಸಿ, ಇಳಿದಿಲ್ಲವಾದರೆ ಕಾಲು ಭಾಗ ಕಡಿಮೆ ಮಾಡಿ. ಪೂರ್ತಿ ನಿಲ್ಲಿಸಬೇಡಿ.

ಸ್ನಾಯುಗಳಿಗೆ ಬೇಕಾದ ಮೂರು ವ್ಯಾಯಾಮಗಳನ್ನು ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಪ್ರಚಾರಕ್ಕೆ ತಂದರು. ಹೆಸರು ಕೇಳಿದವರು ಬಹಳ, ಸರಿಯಾಗಿ ಮಾಡುವವರು ಕಡಿಮೆ.

ಕರ್ಲ್‌ಅಪ್: ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ, ಒಂದು ಚಾಚಿ. ಎರಡೂ ಅಂಗೈ ಸೊಂಟದ ಟೊಳ್ಳಿನ ಕೆಳಗೆ. ತಲೆ ಮತ್ತು ಭುಜ ನೆಲದಿಂದ ಸ್ವಲ್ಪವೇ ಮೇಲೇಳಲಿ. ಕೈಗಳ ಮೇಲೆ ಸೊಂಟ ಒತ್ತಿ ಚಪ್ಪಟೆಯಾದರೆ ಅದು ತಪ್ಪು. ಪೂರ್ತಿ ಎದ್ದು ಕೂರುವ ಸಿಟ್‌ಅಪ್ ಇದಲ್ಲ, ಅದರಲ್ಲಿ ಬೆನ್ನುಮೂಳೆಯ ಮೇಲೆ ಸುಮಾರು 3,300 ನ್ಯೂಟನ್ ಒತ್ತು ಬೀಳುತ್ತದೆ. ಕೆಲಸದ ಜಾಗಕ್ಕೆ ನಿಯಾಶ್ ಇಟ್ಟಿರುವ ಎಚ್ಚರಿಕೆಯ ಮಿತಿಯೇ 3,400.

ಸೈಡ್ ಪ್ಲಾಂಕ್: ಪಕ್ಕಕ್ಕೆ ಮಲಗಿ, ಮೊಣಕೈ ಊರಿ ಸೊಂಟ ಮೇಲೆತ್ತಿ. ಮೊಣಕೈ ಭುಜದ ನೇರ ಕೆಳಗೆ. ಆರಂಭಿಕರು ಮೊಣಕಾಲು ಮಡಚಿ ಅದರ ಮೇಲೆ ಊರಿಕೊಳ್ಳಿ. ಸೊಂಟ ಕೆಳಗೆ ಜೋತರೆ ಅಥವಾ ಮೈ ಮುಂದಕ್ಕೆ ಹೊರಳಿದರೆ ಆ ಸಲಕ್ಕೆ ಮುಗಿಯಿತು, ಇಳಿಸಿ.

ಬರ್ಡ್‌ಡಾಗ್: ಕೈ ಮತ್ತು ಮೊಣಕಾಲು ಊರಿ, ಬಲಗೈ ಎಡಗಾಲು ಚಾಚಿ, ಆಮೇಲೆ ಬದಲಿಸಿ. ಕಾಲು ಸೊಂಟದ ಮಟ್ಟಕ್ಕಿಂತ ಮೇಲೆ ಹೋದರೆ ಬೆನ್ನು ಒಳಗೆ ಕುಸಿಯುತ್ತದೆ. ಅಲ್ಲೇ ಹೆಚ್ಚಿನವರು ತಪ್ಪುವುದು.

ಒಂದೊಂದನ್ನೂ 10 ಸೆಕೆಂಡ್ ಹಿಡಿದು 6 ಸಲ, ಸ್ವಲ್ಪ ಬಿಡುವು, 4 ಸಲ, ಬಿಡುವು, 2 ಸಲ. ಉಸಿರು ಬಿಗಿ ಹಿಡಿಯಬೇಡಿ. ಹೊತ್ತು 10 ಸೆಕೆಂಡಿಗಿಂತ ಏರಿಸುವ ಬದಲು ಸಲಗಳನ್ನು ಏರಿಸಿ.

ಮರುಪ್ರಶ್ನೆ ಬರೆದದ್ದು:
ಈ ಮೂರೇ ಯಾಕೆ? ಯೋಗ, ಈಜು, ಜಿಮ್ಮಿನಲ್ಲಿ ಭಾರ ಎತ್ತುವುದು ಇವಕ್ಕೂ ಒಳ್ಳೆಯ ಫಲಿತಾಂಶಗಳಿವೆ.

ನಿಧಾನನಡೆ ಬರೆದದ್ದು:
ಒಪ್ಪುತ್ತೇನೆ. ವ್ಯಾಯಾಮದ ಬಗೆಗಳ ನಡುವಿನ ವ್ಯತ್ಯಾಸ ಸಣ್ಣದು, ಮಾಡುವುದಕ್ಕೂ ಮಾಡದಿರುವುದಕ್ಕೂ ಇರುವ ವ್ಯತ್ಯಾಸವೇ ದೊಡ್ಡದು. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2016ರ ಒಂದು ಸಂಯೋಜಿತ ವಿಶ್ಲೇಷಣೆಯಲ್ಲಿ ವ್ಯಾಯಾಮ ಮತ್ತು ತಿಳಿವಳಿಕೆ ಎರಡೂ ಸೇರಿದಾಗ ಸೊಂಟ ನೋವು ಬರುವ ಅಪಾಯ ಶೇ. 45ರಷ್ಟು ಇಳಿದಿತ್ತು, ವ್ಯಾಯಾಮವೊಂದರಿಂದ ಶೇ. 35ರಷ್ಟು. ಸೊಂಟಪಟ್ಟಿ ಮತ್ತು ಚಪ್ಪಲಿಯ ಒಳಹಾಸಿನಿಂದ ಪ್ರಯೋಜನ ಕಾಣಲಿಲ್ಲ. ಈ ಮೂರನ್ನು ಹೇಳಿದ್ದು ಸಲಕರಣೆ ಬೇಡ, ಒತ್ತು ಕಡಿಮೆ ಎಂಬ ಕಾರಣಕ್ಕೆ. ವರ್ಷಗಟ್ಟಲೆ ಬಿಡದೆ ಮಾಡುವಂಥದ್ದನ್ನು ಆರಿಸಿಕೊಳ್ಳಿ.

ಕಟಿಬಲ ಬರೆದದ್ದು:
ಪದೇಪದೇ ಕೇಳುವ ಮೂರಕ್ಕೆ ಚುಟುಕಾಗಿ.

ಹಾಸಿಗೆ: 2003ರಲ್ಲಿ 313 ಜನರ ಮೇಲೆ ನಡೆದ ಪ್ರಯೋಗದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದು ಮೇಲೆನಿಸಿತು. ನೆಲದ ಮೇಲೆ ಹಲಗೆ ಹಾಕಿ ಮಲಗುವ ಶಿಕ್ಷೆ ಬೇಡ.

ಸೊಂಟಪಟ್ಟಿ: ದೀರ್ಘಕಾಲದ ಸೊಂಟ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಪಟ್ಟಿ, ಎಳೆತ (ಟ್ರ್ಯಾಕ್ಷನ್) ಎರಡನ್ನೂ ಶಿಫಾರಸು ಮಾಡುವುದಿಲ್ಲ.

ಎಂಆರ್‌ಐ: ನೋವೇ ಇಲ್ಲದವರ ಚಿತ್ರಗಳನ್ನು ನೋಡಿದರೂ 20ರ ವಯಸ್ಸಿನಲ್ಲಿ ಶೇ. 37, 80ರಲ್ಲಿ ಶೇ. 96 ಜನರಲ್ಲಿ ಡಿಸ್ಕ್ ಸವೆತ ಕಾಣುತ್ತದೆ. ವರದಿಯಲ್ಲಿ "ಸವೆತ" ಎಂದು ಓದಿ ಹೆದರಿ ನಡಿಗೆ ನಿಲ್ಲಿಸಿದವರಿಗೆ ವರದಿಯಿಂದಲೇ ನಷ್ಟ. ಈ ಹೆದರಿಕೆ ಬೆನ್ನಿಗೆ ಮಾಡುವ ಹಾನಿ ಚಿಕ್ಕದಲ್ಲ, ದಯವಿಟ್ಟು ವೈದ್ಯರ ಬಳಿ ಕೂತು ವರದಿಯ ಅರ್ಥ ಕೇಳಿ.

ಮುಂಜಾವು ಬರೆದದ್ದು:
ಸೊಂಟ ಹಿಡಿದ ದಿನ ಏನು ಮಾಡಬೇಕೆಂದೂ ಬರೆದುಬಿಡುತ್ತೇನೆ. ಮೊದಲ ಒಂದೆರಡು ದಿನ ನೋವು ಕಡಿಮೆಯಾಗುವ ಭಂಗಿಯಲ್ಲಿ ಆಗಾಗ ಮಲಗಿ, ಆದರೆ ಎಚ್ಚರವಿರುವಾಗ ಗಂಟೆಗೊಮ್ಮೆ ಎದ್ದು ಮನೆಯೊಳಗೇ ಕೆಲವು ನಿಮಿಷ ಓಡಾಡಿ. 1986ರಷ್ಟು ಹಿಂದೆಯೇ, 7 ದಿನದ ವಿಶ್ರಾಂತಿಯಿಂದ 2 ದಿನದ್ದಕ್ಕಿಂತ ಹೆಚ್ಚಿನ ಲಾಭವಿಲ್ಲ ಎಂದು ತೋರಿಸಲಾಗಿತ್ತು. ಬಿಸಿ ಶಾಖ 15ರಿಂದ 20 ನಿಮಿಷ, ಬಟ್ಟೆಯ ಮೇಲಿಂದ. ಹೆಚ್ಚಿನ ಹೊಸ ನೋವುಗಳು ಕೆಲವೇ ವಾರಗಳಲ್ಲಿ ಗಣನೀಯವಾಗಿ ಇಳಿಯುತ್ತವೆ.

ಇವು ಕಂಡರೆ ಮಾತ್ರ ಕಾಯಬೇಡಿ. ತೊಡೆಸಂದು, ಗುದದ ಸುತ್ತ ಸ್ಪರ್ಶ ತಿಳಿಯದಿರುವುದು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಎರಡೂ ಕಾಲು ಸೋಲುವುದು: ಇದು ಬೆನ್ನುಹುರಿಯ ತುದಿಯ ನರಗುಚ್ಛದ ಮೇಲಿನ ಒತ್ತಡವಿರಬಹುದು, ಅದೇ ದಿನ ತುರ್ತು ವಿಭಾಗಕ್ಕೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಬಿದ್ದ ನಂತರ ಶುರುವಾದ ನೋವು, ಇವಕ್ಕೂ ಬೇಗ ತಪಾಸಣೆ ಬೇಕು. 45ಕ್ಕಿಂತ ಮೊದಲು ಶುರುವಾಗಿ ಮೂರು ತಿಂಗಳು ದಾಟಿದ, ಬೆಳಗ್ಗೆ ಅರ್ಧ ಗಂಟೆಗೂ ಮೀರಿ ಸೆಡೆತವಿರುವ, ವಿಶ್ರಾಂತಿಯಲ್ಲಿ ಹೆಚ್ಚಿ ಓಡಾಡಿದರೆ ಇಳಿಯುವ ನೋವು ಉರಿಯೂತದ ಸಂಧಿರೋಗ ಇರಬಹುದು, ಅದರ ಚಿಕಿತ್ಸೆಯೇ ಬೇರೆ.

ತೆರೆದಕಿಟಕಿ ಬರೆದದ್ದು:
ವಾಹನದ ಕಂಪನ ಅಂತ ಮೇಲೆ ಬಂತು. ದಿನಕ್ಕೆ ನಾಲ್ಕೈದು ಗಂಟೆ ಚಾಲನೆ ಮಾಡುವವರು ಏನು ಬದಲಿಸಬಹುದು?

ಅಳತೆಗೋಲು ಬರೆದದ್ದು:
ಕೂತ ಮನುಷ್ಯನ ದೇಹ ಮೇಲೆ ಕೆಳಗಿನ ಕಂಪನಕ್ಕೆ ಅತಿ ಹೆಚ್ಚು ಅನುರಣಿಸುವುದು, ಅಂದರೆ ತಾನೂ ಜೋರಾಗಿ ಅದುರುವುದು, ಸೆಕೆಂಡಿಗೆ 4ರಿಂದ 6 ಆವರ್ತನದಲ್ಲಿ. ವಾಹನಗಳ ಆಸನದ ಕಂಪನ ಬಹಳ ಸಲ ಇದೇ ವ್ಯಾಪ್ತಿಗೆ ಬೀಳುತ್ತದೆ. ಆದ್ದರಿಂದ ಮೊದಲು ಟೈರಿನ ಗಾಳಿಯನ್ನು ತಯಾರಕರು ಹೇಳಿದ ಮಟ್ಟಕ್ಕೆ ಇಡಿ, ಸತ್ತುಹೋದ ಶಾಕ್ ಅಬ್ಸಾರ್ಬರ್ ಬದಲಿಸಿ, ಕುಸಿದ ಸೀಟಿನ ಸ್ಪಂಜನ್ನು ಹಾಗೇ ಬಿಡಬೇಡಿ. ಒರಗು 100ರಿಂದ 110 ಡಿಗ್ರಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರುವಷ್ಟು ಸೀಟು ಮುಂದಕ್ಕಿರಲಿ. ಕಾಲು ನೆಟ್ಟಗಾದರೆ ಪ್ರತಿ ಸಲವೂ ಸೊಂಟ ಒರಗಿನಿಂದ ಕಳಚಿ ಮುಂದೆ ಜಾರುತ್ತದೆ. ಹಿಂದಿನ ಜೇಬಿನ ಪರ್ಸ್ ತೆಗೆದಿಡಿ, ಅದು ಕುಂಡೆಯನ್ನು ಒಂದು ಕಡೆಗೆ ಎತ್ತುತ್ತದೆ. ಗಂಟೆ, ಒಂದೂವರೆ ಗಂಟೆಗೊಮ್ಮೆ ಇಳಿದು ನಡೆಯಿರಿ. ಊರು ಮುಟ್ಟಿದ ಮೇಲೆ ಡಿಕ್ಕಿಯಿಂದ ಸಾಮಾನು ಇಳಿಸುವ ಮುನ್ನ ಐದು ನಿಮಿಷ ಓಡಾಡಿ. ಇಳಿಸುವಾಗ ಚೀಲವನ್ನು ಡಿಕ್ಕಿಯ ಅಂಚಿಗೆ ಎಳೆದು, ತೊಡೆಯನ್ನು ಬಂಪರಿಗೆ ಒತ್ತಿ ನಿಂತು ಎತ್ತಿದರೆ ಮೇಲೆ ಹೇಳಿದ ದೂರದ ಲೆಕ್ಕದಲ್ಲಿ ಒಂದಿಷ್ಟು ಸೆಂಟಿಮೀಟರ್ ಉಳಿಯುತ್ತದೆ.